ನನ್ನ ಹೆಸರಿಗೆ ಕಾದವರು

ಇಂಗ್ಲಿಷ್ ಮೇಡಂ ಅವರ ಬಲಗೈ ತೋರುಬೆರಳು ಸೊಟ್ಟ. ಚಿಕ್ಕವರಿದ್ದಾಗ ಒರಳುಕಲ್ಲಿಗೆ ಸಿಕ್ಕಿ ಮುರಿದಿತ್ತಂತೆ. ಕೂಡಿಕೊಳ್ಳುವಾಗ ತನಗೆ ಬೇಕಾದ ದಿಕ್ಕಿಗೆ ತಿರುಗಿ ಕೂತುಬಿಟ್ಟಿತ್ತು. ಹಾಗಾಗಿ ಅವರು ಯಾರಿಗೆ ಬೆರಳು ತೋರಿಸಿ ಪ್ರಶ್ನೆ ಕೇಳಿದರೂ ಎದ್ದು ನಿಲ್ಲುತ್ತಿದ್ದದ್ದು ಪಕ್ಕದವನು. ಹೊಸನಗರದ ನಮ್ಮ ಹೈಸ್ಕೂಲಿಗೆ ಹೊಸದಾಗಿ ಸೇರಿದವರಿಗೆ ಆ ಬೆರಳಿನ ಗುರಿ ಹಿಡಿಯುವುದೇ ಮೊದಲ ಪಾಠ. "ಬೆರಳು ನೋಡ್ಬೇಡ್ರಾ, ನನ್ ಕಣ್ಣು ನೋಡಿ" ಎಂದು ಅವರೇ ನಗುತ್ತಿದ್ದರು.

ಸಾಗರದಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ನೌನ್ ಪಾಠವನ್ನು ಅವರು ಪುಸ್ತಕ ಹಿಡಿದು ಮಾಡಿದವರಲ್ಲ. ಸೋಮವಾರ ಬಂತೆಂದರೆ ನಾವೆಲ್ಲ ಮನೆಯಿಂದ ಏನಾದರೊಂದು ವಸ್ತು ತಂದು ಮೇಜಿನ ಮೇಲಿಟ್ಟು, ಅದರ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ, ಯಾವ ಬಗೆಯ ನೌನ್ ಎಂದು ಒಪ್ಪಿಸಿ ಕೂರಬೇಕು. ಚೊಂಬು, ಪೊರಕೆ, ಬೀಗ ಎಲ್ಲ ಕಾಮನ್ ನೌನ್. ಮೆಟೀರಿಯಲ್ ನೌನ್ ಸರದಿ ಬಂದಾಗ ಒಬ್ಬ ಬಾಟಲಿಯಲ್ಲಿ ಜೋನಿಬೆಲ್ಲ ತಂದ. ಮುಚ್ಚಳ ಸಡಿಲವಿತ್ತು, ಬೆಲ್ಲ ಮೇಜಿನ ತುಂಬ ಹರಿಯಿತು. ಎಷ್ಟು ಒರೆಸಿದರೂ ಮಾರನೆಯ ದಿನ ಇರುವೆಗಳ ಸಾಲು. ಇನ್ನು ನಮಗೆ ಮಂಗಳಾರತಿ ಎಂದುಕೊಂಡರೆ ಮೇಡಂ ಚಪ್ಪಾಳೆ ತಟ್ಟಿದರು. "ನೋಡ್ರಾ, ಕಲೆಕ್ಟಿವ್ ನೌನ್ ಕರೀದೇನೇ ಬಂತು! ಆ್ಯನ್ ಆರ್ಮಿ ಆಫ್ ಆ್ಯಂಟ್ಸ್!" ಅಬ್‌ಸ್ಟ್ರಾಕ್ಟ್ ನೌನ್ ಎಂದರೇನು ಎಂದು ಕೇಳಿದರೆ, "ಮೇಜಿನ ಮೇಲೆ ಇಡಕ್ಕಾಗಲ್ಲ, ಆದ್ರೂ ಹೊತ್ಕೊಂಡು ಓಡಾಡ್ತೀವಲ್ಲ, ಅದು" ಎನ್ನುತ್ತಿದ್ದರು. ನಾನು ಹೊತ್ತುಕೊಂಡು ಓಡಾಡುತ್ತಿದ್ದದ್ದು ಹೆದರಿಕೆಯನ್ನು.

ನನಗೆ ಉಗ್ಗು. ಅದರಲ್ಲೂ ಪ, ಬ, ಕ ಬಂದರೆ ಗಂಟಲಿಗೆ ಯಾರೋ ಅಗುಳಿ ಹಾಕಿದ ಹಾಗೆ. ನಮ್ಮ ಊರಿನವರು ಒಳ್ಳೆಯವರು, ತೊಂದರೆ ಇದ್ದದ್ದೇ ಅಲ್ಲಿ. ನಾನು ತಡವರಿಸಿದ ಕೂಡಲೇ ಎದುರಿಗಿದ್ದವರು ಪಾಪ ಎಂದು ಮಾತು ಮುಗಿಸಿ ಕೊಡುತ್ತಿದ್ದರು. ಅಂಗಡಿಯಲ್ಲಿ "ಕ..." ಎಂದರೆ "ಕಡ್ಲೆಬೇಳೆನಾ?" ಎಂದು ಕಟ್ಟಿಯೇ ಬಿಡುತ್ತಿದ್ದರು. ಕೊತ್ತಂಬರಿ ತರಲು ಹೋದವನು ಕಡ್ಲೆಬೇಳೆ ಹಿಡಿದುಕೊಂಡು ಬಂದು ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ. ಬೇಡ ಎನ್ನುವುದಕ್ಕೂ ಬಾಯಿ ಬರಬೇಕಲ್ಲ! ತಲೆ ಆಡಿಸುವುದೇ ಸುಲಭವಾಗಿತ್ತು.

ಸೋಮವಾರಕ್ಕೂ ಉಪಾಯ ಹುಡುಕಿದ್ದೆ. ಆನಿಯನ್, ಅಂಬ್ರೆಲಾ, ಮ್ಯಾಂಗೋ, ಹೀಗೆ ನಾಲಗೆಗೆ ಒಗ್ಗುವ ಸಾಮಾನುಗಳನ್ನೇ ತರುತ್ತಿದ್ದೆ. ಛತ್ರಿಯನ್ನಂತೂ ಎಷ್ಟು ಸಲ ತಂದೆನೋ. ಮೇಡಂ ಒಂದು ದಿನ ಕಿವಿಯ ಹತ್ತಿರ ಬಂದು, "ನಿಮ್ಮನೇಲಿ ಪೆನ್ನು, ಪೆನ್ಸಿಲ್ಲು ಇಲ್ವನಾ ಮಾರಾಯ?" ಎಂದರು. ಸಿಕ್ಕಿಬಿದ್ದೆ ಎಂದು ಗೊತ್ತಾಯಿತು.

ಆಮೇಲೆ ಪ್ರಾಪರ್ ನೌನ್ ಬಂತು. ಮುಂದಿನ ಸೋಮವಾರ ಏನೂ ತರಬೇಕಿಲ್ಲ, ಎದುರಿಗೆ ಬಂದು ಅವರವರ ಹೆಸರು ಹೇಳಿದರೆ ಸಾಕು ಎಂದರು. ಉಳಿದವರಿಗೆ ಅದು ರಜೆ ಸಿಕ್ಕಷ್ಟು ಖುಷಿ. ನನ್ನ ಹೆಸರು ಪ್ರಭಾಕರ. ಪೆನ್ನಿನ ಬದಲು ಛತ್ರಿ ತರಬಹುದು, ಹೆಸರಿನ ಬದಲು ಏನು ತರುವುದು? ನಾನು ಶಾಲೆ ಬಿಡುತ್ತೇನೆ ಎಂದು ಮನೆಯಲ್ಲಿ ಹಟ ಹಿಡಿದೆ. ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಪ್ಪನಿಗೂ ನನ್ನ ಪಾಡು ನೋಡಿ ಸಾಕಾಗಿತ್ತು. ಸಾಗರದಲ್ಲಿ ಸೋದರಮಾವನ ಗ್ಯಾರೇಜು ಇತ್ತು. "ಕಳ್ಸಿ ಭಾವ, ಇಲ್ಲಿ ಸ್ಪ್ಯಾನರ್ ಮಾತಾಡಿದ್ರೆ ಸಾಕು" ಎಂದು ಮಾವ ಫೋನಿನಲ್ಲಿ ಹೇಳಿಯೂ ಆಯಿತು.

ಸೋಮವಾರ ಬೆಳಿಗ್ಗೆ ಅಪ್ಪನೂ ನಾನೂ ಬಟ್ಟೆಯ ಚೀಲ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಸಾಗರದಿಂದ ಬಂದು ವಾಪಸ್ ಹೋಗುವ, ನಾವು ಹತ್ತಬೇಕಾದ ಬಸ್ಸಿನಿಂದಲೇ ಮೇಡಂ ಇಳಿದರು. ಚೀಲ ನೋಡಿದರು, ನನ್ನ ಮುಖ ನೋಡಿದರು. ಅಪ್ಪ ತಲೆ ತಗ್ಗಿಸಿ ವಿಷಯ ಹೇಳಿದರು.

"ಅವ್ನಿಗೆ ಮಾತು ಬರಲ್ಲ ಮೇಡಂ. ಸುಮ್ನೆ ಎಲ್ರೆದುರು ಯಾಕೆ..."

"ಬರುತ್ತೆ. ನಾವ್ಯಾರೂ ಕಾಯಲ್ಲ, ಅಷ್ಟೇ" ಎಂದರು ಮೇಡಂ. "ಇವತ್ತೊಂದು ದಿನ ನಂಗೆ ಬಿಟ್ಕೊಡಿ. ಅವ್ನು ಶಾಲೆ ಬೇಡ ಅಂದ್ರೆ ಸಂಜೆ ಬಸ್ಸಿಗೆ ನಾನೇ ಗ್ಯಾರೇಜಿಗೆ ಕರ್ಕೊಂಡ್ ಹೋಗಿ ಬಿಡ್ತೀನಿ."

ಕ್ಲಾಸಿನಲ್ಲಿ ನನ್ನ ಸರದಿ ಬಂತು. ಎದುರಿಗೆ ನಿಂತೆ. ತುಟಿ ಸೇರಿಸಿದ್ದೇ ತಡ, ಅಗುಳಿ ಬಿತ್ತು. ನನ್ನ ಬೆಂಚಿನ ಗೆಳೆಯ ಒಳ್ಳೆಯ ಮನಸ್ಸಿನಿಂದಲೇ "ಪ್ರಭಾಕರ ಮೇಡಂ" ಎಂದ. ಅವರು ಸಿಟ್ಟು ಮಾಡಿದ್ದನ್ನು ನಾನು ನೋಡಿದ್ದು ಆವತ್ತು ಮಾತ್ರ.

"ಅವ್ನ ಹೆಸರು ಅವಂದು. ನೀನ್ಯಾಕೆ ತಗೊಂಡೆ?"

ಹಾಗೆಂದವರೇ ಕುರ್ಚಿ ಎಳೆದುಕೊಂಡು ಕೂತರು. ನಾನು ತುಟಿ ಸೇರಿಸಿದೆ, ಬಿಟ್ಟೆ, ಮತ್ತೆ ಸೇರಿಸಿದೆ. ಬೆಲ್ ಹೊಡೆಯಿತು. ಗಣಿತದ ಮೇಷ್ಟ್ರು ಬಾಗಿಲಿಗೆ ಬಂದರು. ಮೇಡಂ ಕೂತಲ್ಲಿಂದಲೇ ಅಂಗೈ ತೋರಿಸಿ ಅವರನ್ನು ಹೊರಗೇ ನಿಲ್ಲಿಸಿದರು. ಮೇಷ್ಟ್ರೂ ಪಾಪ, ಚಪ್ಪಲಿ ಸದ್ದು ಮಾಡದೆ ನಿಂತರು. ನನಗಾಗಿ ಇಷ್ಟು ಜನ ಅಷ್ಟು ಹೊತ್ತು ಕಾದದ್ದು ಅದೇ ಮೊದಲು. ಹೆಸರು ಚೂರು ಚೂರಾಗಿ, ಕುಂಟುತ್ತಾ, ಕೊನೆಗೆ ಪೂರ್ತಿ ಹೊರಗೆ ಬಂತು.

ಚಪ್ಪಾಳೆ ಹೊಡೆಸಲಿಲ್ಲ, ಭೇಷ್ ಎನ್ನಲಿಲ್ಲ. "ಹ್ಞೂಂ, ಕೂತ್ಕೊ. ಉಳಿದೋರು ನಾಳೆ" ಎಂದು ಪುಸ್ತಕ ಎತ್ತಿಕೊಂಡು ಹೊರಟರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ. ಸಂಜೆ ಬಸ್ ಹತ್ತುವ ಮುಂಚೆ "ಸಾಗರಕ್ಕೆ ಬರ್ತೀಯನಾ?" ಎಂದು ಕೇಳಿದರು. "ಇ... ಇಲ್ಲ ಮೇಡಂ" ಎಂದೆ. ಅದಕ್ಕೂ ಕಾದರು.

ನನ್ನ ಉಗ್ಗು ಹೋಗಲಿಲ್ಲ, ಈಗಲೂ ಇದೆ. ಆದರೆ ಈಗ ನಾನು ತೀರ್ಥಹಳ್ಳಿಯಲ್ಲಿ ವಿಮೆ ಏಜೆಂಟ್. ಮಾತನ್ನೇ ನಂಬಿ ಹೊಟ್ಟೆ ಹೊರೆಯುತ್ತೇನೆ ಎಂದರೆ ನಂಬಬೇಕು. ಗಿರಾಕಿಗಳು ಕಾಯುತ್ತಾರೆ, ಕಾದ ತಪ್ಪಿಗೆ ಪಾಲಿಸಿಯನ್ನೂ ಮಾಡಿಸುತ್ತಾರೆ.

ಮೇಡಂ ಕಳೆದ ವರ್ಷ ತೀರಿಕೊಂಡರು. ಅದಕ್ಕೂ ಸ್ವಲ್ಪ ಮೊದಲು ಅವರಿಗೆ ಸ್ಟ್ರೋಕ್ ಆಗಿದೆ ಎಂದು ತಿಳಿದು ಸಾಗರಕ್ಕೆ ಹೋಗಿದ್ದೆ. ಗುರುತು ಹಿಡಿದು ನಕ್ಕರು. ಎಲ್ಲ ಅರ್ಥವಾಗುತ್ತಿತ್ತು, ಆದರೆ ವಸ್ತುಗಳ ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಜೀವಮಾನವಿಡೀ ನೌನ್ ಕಲಿಸಿದವರಿಗೆ ಎಂಥ ಅನ್ಯಾಯ ಎಂದು ನನಗೆ ದೇವರ ಮೇಲೇ ಸಿಟ್ಟು ಬಂತು. ನಾನು ಕೂತ ಸ್ವಲ್ಪ ಹೊತ್ತಿಗೆ "ಅದು... ಅದು..." ಎಂದು ಚಡಪಡಿಸತೊಡಗಿದರು.

"ನೀರಾ ಅಮ್ಮ?" ಎಂದ ಮಗ. "ಮಾತ್ರೆನಾ? ದಿಂಬು ಎತ್ತರಿಸ್ಲಾ?" ಎಂದಳು ಸೊಸೆ. ಮೇಡಂ ತಲೆ ಅಲ್ಲಾಡಿಸಿದರು, ಕಣ್ಣಲ್ಲಿ ನೀರು ಬಂತು.

"ಸ್ವಲ್ಪ ಸುಮ್ನಿರಿ. ಅವ್ರೇ ಹೇಳ್ತಾರೆ" ಎಂದೆ.

ಮೂವರೂ ಕಾದೆವು. ಅವರ ತುಟಿ ಸೇರುತ್ತಿತ್ತು, ಬಿಡುತ್ತಿತ್ತು. ಬಹಳ ಹೊತ್ತಾದ ಮೇಲೆ ಬಂತು.

"ಕಾ... ಕಾಫಿ." ಆಮೇಲೆ ನನ್ನ ಕಡೆ ನೋಡಿ, "ಇವ್ನಿಗೆ."

ಸೊಸೆ ಕಾಫಿ ತಂದಳು. ಅರ್ಧ ಕುಡಿದು ಲೋಟ ಕೆಳಗಿಡಲು ಹೋದೆ. ಮೇಡಂ ನೋಡುತ್ತಿದ್ದರಲ್ಲ, ಪೂರ್ತಿ ಕುಡಿದೆ.