ಲೈಪ್ಜಿಗ್ ವೇದಿಕಿ ಮ್ಯಾಲ ಗೋಗಿಯ ಗದ್ದಿ

ಈ ಊರಾಗ ಮಂದಿ ಕೆಮ್ಮು ಬಂದ್ರ ಕೆಮ್ಮೂದಿಲ್ರಿ, ಹಿಡಕೊಂಡು ಕುಂದರ್ತಾರ! ಲೈಪ್ಜಿಗ್‌ಗೆ ಬಂದ ಮೊದಲ್ನೇ ವಾರ ಒಂದು ಚೆಲ್ಲೋ ಕಚೇರಿಗೆ ಹೋಗಿದ್ದೆ. ಚೆಲ್ಲೋ ಅಂದ್ರ ಎದಿಮಟ ಬರೋ ದೊಡ್ಡ ಪಿಟೀಲು, ಕುಂತು ಮೊಣಕಾಲ ನಡುವ ಹಿಡಕೊಂಡು ಬಾರಸ್ತಾರ. ಒಂದು ತುಣುಕು ಮುಗಿದ ಕೂಡ್ಲೆ ಇಡೀ ಸಭಾ ಒಮ್ಮೆಲೆ ಖೊಕ್ ಖೊಕ್ ಅಂತು. ಬಾರಸಾವ ಕಮಾನು ಎತ್ತಿದ, ಎಲ್ಲಾರೂ ಮತ್ತ ಗಪ್ಪ. ನಾ ಹೆದರಿಬಿಟ್ಟೆ. ಸುರಪುರದ ಕಡಿ ಬಯಲಾಟದಾಗ ರಾಜ ಕುಣಿಯಾಕತ್ತಾಗ ಕೂಸು ಅಳ್ತಾವ, ಮುದುಕರು ಬೈತಾರ, ‘ಇನ್ನೊಮ್ಮೆ ಕುಣಿಯಪಾ’ ಅಂತ ಕೂಗ್ತಾರ, ಆ ಗದ್ದಲದಾಗನ ಆಟಕ್ಕ ಕಳಿ ಬರ್ತದ. ಇಲ್ಲಿ ಉಸಿರು ಬಿಡಾಕೂ ಪರವಾನಗಿ ಬೇಕು.

ನಾ ಶಹಾಪುರ ತಾಲೂಕಿನ ಗೋಗಿಯಾಕಿ, ಭಾಗ್ಯ. ನಮ್ಮವ್ವ ಸಾಬವ್ವ ಕೂಲಿ ಮಾಡಾಕಿ. ಶಾಲಿ ಮಾಸ್ತರೊಬ್ಬರು ನನ್ನ ನಾಟಕಕ್ಕ ಹಚ್ಚಿದ್ರು, ಅಲ್ಲಿಂದ ಕುಣಿತದ ಶಾಲಿ, ಅಲ್ಲಿಂದ ಇಲ್ಲಿನ ಒಂದು ನೃತ್ಯ ತಂಡ. ನನಗ ಸಿಕ್ಕದ್ದು ನಾಕನೇ ಅಂತಸ್ತಿನ ಒಂದು ಖೋಲಿ. ಆಫ್ರಿಕಾದವರ ಅಂಗಡ್ಯಾಗ ಜ್ವಾಳದ ಹಿಟ್ಟು ಸಿಕ್ಕ ದಿನ ಹಬ್ಬಾನ ಆತು ನನಗ. ಐತವಾರ ಮುಂಜಾನೆ ಪಟಪಟ ರೊಟ್ಟಿ ಬಡಿಯಾಕತ್ತೆ. ಕೆಳಗಿನ ಮುದುಕಿ ಬಂದು ಬಾಗಲಾ ಬಡದು ‘ರೂಹೆ!’ ಅಂದಳು. ರೂಹೆ ಅಂದ್ರ ಸದ್ದಿಲ್ಲದ ನೆಮ್ಮದಿ. ಐತವಾರ ಅದನ್ನ ಕೆಡಸಬಾರದು ಅಂತ ಇಲ್ಲಿ ಕಾಯಿದಿ ಅದ. ರೊಟ್ಟಿ ಬಡಿಯೋ ಸಪ್ಪಳ ಇಲ್ಲದ ಮನಿಗೆ ನೆಮ್ಮದಿ ಅಂತಾರಂದ್ರ ಏನ್ ಹೇಳೂದ್ರಿ. ಈಗ ಶನಿವಾರಾನ ಬಡದು ಇಡ್ತೀನಿ.

ಸಿಟ್ಟು ಬಂದದ್ದು ಅದಕ್ಕಲ್ಲ.

ನಮ್ಮ ನಿರ್ದೇಶಕಿ ಕಾತ್ರಿನ್ ಹಳೇ ಕಾಲದ ಚೆಲ್ಲೋ ಸಂಗೀತಕ್ಕ, ಅಂದ್ರ ಮುನ್ನೂರು ವರ್ಷದ ಹಿಂದಿನ ಬರೋಕ್ ಸಂಗೀತಕ್ಕ, ಹೊಸಾ ಕುಣಿತ ಕಟ್ಟಾಕತ್ತಿದ್ದಳು. ರೆಕಾರ್ಡ್ ಹಾಕೂದಿಲ್ಲ, ಮಾರ್ಟಿನ್ ಅನ್ನೋ ಹಿರಿಯ ಕಲಾವಿದ ವೇದಿಕಿ ಮ್ಯಾಲನ ಕುಂತು ಬಾರಸ್ತಾನ. ಅವನ ವಾದ್ಯಕ್ಕ ಕುರಿ ಕರುಳಿನ ತಂತಿ, ದೀಪದ ಝಳಕ್ಕ ಸಡಲಾಗಿ ಗಳಿಗಿಗೊಮ್ಮೆ ಅದರ ಕಿವಿ ಹಿಂಡಿ ಬಿಗಿ ಮಾಡಬೇಕು. ‘ನಿಮ್ಮ ನಿಮ್ಮ ಮನೆಯವರು ಮಾಡುವ ಒಂದು ಕೆಲಸವನ್ನು ಕುಣಿತವಾಗಿ ತನ್ನಿ’ ಅಂದಳು ಕಾತ್ರಿನ್. ನಾ ನಮ್ಮವ್ವನ ನೆಲ್ಲಿನ ಸಸಿ ಹಚ್ಚೂದು ತಂದೆ. ಮಾರ್ಟಿನ್ನನ ಕಮಾನು ಹಿಂದ ಮುಂದ ಹೋಗೋ ಲಯಕ್ಕ ನನ್ನ ಕೈ ಬರೋಬ್ಬರಿ ಕೂಡ್ತು. ನಾಕು ನಿಮಿಷದ ಒಂಟಿ ಕುಣಿತ, ನನ್ನದ ಅಂತ ಆತು. ಅವತ್ತು ಖುಷಿಗೆ ನೆಲದ ಮ್ಯಾಲ ಕಾಲ ನಿಲ್ಲಲಿಲ್ಲ.

ಮರುದಿನ ಕಾತ್ರಿನ್ ಅಂದಳು, ‘ಹಿಂದಕ್ಕೆ ಹೋಗಬೇಡ. ಮುಂದೆ ಬಾ, ಪ್ರೇಕ್ಷಕರ ಕಡೆಗೆ. ಮುಖದಲ್ಲಿ ನೋವು ಇರಲಿ.’

‘ಸಸಿ ಹಚ್ಚಾವರು ಹಿಂದಕ್ಕ ಸರೀತಾರ, ಮುಂದ ಹೋದ್ರ ಹಚ್ಚಿದ್ದನ್ನ ತುಳಿದಂಗಾಗ್ತದ’ ಅಂತ ತಿಳಿಸಿ ಹೇಳ್ದೆ.

‘ಇದು ವೇದಿಕೆ, ಭಾಗ್ಯ. ಇಲ್ಲಿ ಸಸಿ ಇಲ್ಲ. ಹಿಂದಕ್ಕೆ ಹೋದರೆ ಸೋಲಿನ ಹಾಗೆ ಕಾಣುತ್ತದೆ.’

ಸೋಲು! ಎಂಟು ಮಂದಿ ಸಾಲಿನ್ಯಾಗ ನಿಂತು, ಒಬ್ಬಾಕಿ ಅತ್ತಿ ಸುದ್ದಿ ಒಬ್ಬಾಕಿ ಆಡಕೋತ, ನಕ್ಕೋತ, ಎಕರೆಗಟ್ಟಲೆ ಹಸರು ಮಾಡಿ ಹಿಂದ ಸರಿಯೋದು ಸೋಲಂತ!

ಊರಿಗೆ ಫೋನ್ ಹಚ್ಚಿದೆ. ನಾ ಕುಣಿದ ವಿಡಿಯೋ ಕಳಿಸಿದ್ದೆ, ಕಾತ್ರಿನ್ ಹೇಳಿದಂಗ ಮುಂದ ನಡದದ್ದು. ಅವ್ವ ಬಿದ್ದು ಬಿದ್ದು ನಕ್ಕಳು.

‘ಹುಚ್ಚಿ, ನಾನೂ ಮೊದಲ್ನೇ ದಿನ ಹಿಂಗ ಮಾಡಿದ್ದೆ ಬೇ!’

ಕಾಲುವಿ ಬರೋತನಕ ನಮ್ಮವ್ವಗ ಜ್ವಾಳ, ತೊಗರಿ ಅಷ್ಟ ಗೊತ್ತು. ಕುರ್ಪಿ ಹಿಡದು ಕಳೆ ತಗಿಯೂದು, ಮುಂದ ಮುಂದ ಹೋಗೂದು. ನೀರು ಬಂದ ಮ್ಯಾಲ ನೆಲ್ಲು ಬಂತು, ಆಂಧ್ರದಿಂದ ಬಂದು ಕ್ಯಾಂಪ್ ಹಾಕಿದವರ ಗದ್ದಿಗೆ ಇವರು ಕೂಲಿಗೆ ಹೋದ್ರು. ರೂಢಿ ಪ್ರಕಾರ ಅವ್ವ ಸಸಿ ಹಚ್ಚಿಗೋತ ಮುಂದ ನಡದಾಳ. ಕ್ಯಾಂಪಿನ ಹೆಂಗಸರು ನಡಾ ಹಿಡಕೊಂಡು ನಕ್ರಂತ. ‘ನಕ್ಕು, ಆಮ್ಯಾಲ ಕೈ ಹಿಡದು ಹಿಂದಕ್ಕ ಎಳದು ಕಲಿಸಿದ್ರು’ ಅಂದಳು ಅವ್ವ. ‘ನಿಮ್ಮಾಕಿಗೂ ಕಲಿಸು.’

ಕಲಿಯೋ ಮನಸ್ಸಿದ್ದವರಿಗೆ ಕಲಿಸಬಹುದು. ನಾ ಮುಂದ ನಡಿಯೂದಿಲ್ಲ ಅಂದೆ. ಮಾರ್ಟಿನ್ ನನ್ನ ಬಾಜೂಕ ಕರದು, ‘ನೀನು ಹೇಳುವುದು ಸರಿ, ಕಮಾನು ಹಿಂದೆ ಬರದೆ ಸ್ವರವೇ ಇಲ್ಲ’ ಅಂದ. ಕಾತ್ರಿನ್ ಎದುರಿಗೆ ಮಾತ್ರ ತಂತಿ ಬಿಗಿ ಮಾಡಿಕೋತ ಕುಂತ. ನನ್ನ ನಾಕು ನಿಮಿಷ ಇನೆಸ್ ಅನ್ನೋ ಹುಡುಗಿಗೆ ಹೋತು. ನಾ ಗುಂಪಿನ್ಯಾಗ ಉಳದೆ.

‘ಹಂಗಾದ್ರ ಗೋಗಿ ಹೆಂಗಸರ ಕೆಲಸ ಅಂತ ಬರೀಬ್ಯಾಡ್ರಿ’ ಅಂತ ಕೇಳಕೊಂಡೆ. ಕಾರ್ಯಕ್ರಮದ ಹಾಳ್ಯಾಗ ದಪ್ಪ ಅಕ್ಷರದಾಗ ಅದನ್ನ ಬರದ್ರು. ಇನೆಸ್ ಪಾಪ ಚಲೋ ಕುಣಿತಾಳ. ಆದ್ರ ಪ್ರದರ್ಶನದ ದಿನ ಅವಳ ಒಂದೊಂದು ಹೆಜ್ಜಿಗೂ ನನಗ ಹಚ್ಚಿದ ಸಸಿ ತುಳಿದಂಗ ಕಾಣ್ತಿತ್ತು. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು. ಒಬ್ಬ ಹೆಣ್ಣುಮಗಳು ಕಣ್ಣೊರಸಿಕೋತ ಬಂದು, ‘ನಿಮ್ಮ ಹೆಂಗಸರ ನೋವು ಇವತ್ತು ಅರ್ಥವಾಯಿತು’ ಅಂದಳು. ‘ನಿಮಗ ಏನೂ ಅರ್ಥ ಆಗಿಲ್ಲ’ ಅಂದೆ. ಇಲ್ಲೆ ಇಂಥಾ ಮಾತು ಆಡಬಾರದಂತ. ಆಡಿದೆ.

ಆ ಸಿಟ್ಟಿನ್ಯಾಗನ ಈ ಮಳಿಗಾಲಕ್ಕ ಊರಿಗೆ ಹೋದೆ. ಅವ್ವನ ಸಂಗಡ ಗದ್ದಿಗಿಳದೆ. ಖರೇ ಕೆಲಸ ಅಂದ್ರ ಇದು, ಇಲ್ಲಿ ನನಗ ಯಾರೂ ಹೆಜ್ಜಿ ಹೇಳಿಕೊಡಬೇಕಾಗಿಲ್ಲ ಅಂತ ಗರ್ವ. ಸ್ವಲ್ಪೊತ್ತಿಗೆ ಬಾಜೂಕಿನ ಶರಣವ್ವ ತಲಿ ಎತ್ತಿ ನೋಡಿದಳು.

‘ಏ ಭಾಗ್ಯ, ಯಾರಿಗೆ ತೋರಸಾಕತ್ತೀಯವಾ? ಕೈ ಎಷ್ಟು ಚಂದ ಎತ್ತತೀ, ಸಸಿ ಯಾವಾಗ ಹಚ್ಚತೀ?’

ಬಗ್ಗಿ ನೋಡಿದೆ. ಖರೇನ. ನನ್ನ ಮೊಣಕೈ ಲಯ ಹಿಡದು ಏಳಾಕತ್ತಿತ್ತು, ಬೆರಳು ಕಡೀಕ ಅರಳಾಕತ್ತಿದ್ದವು. ಕಿವ್ಯಾಗ ಚೆಲ್ಲೋ. ಅಷ್ಟ್ರಾಗ ಸಾಲಿನವರೆಲ್ಲ ಜಲ್ದಿ ಜಲ್ದಿ ಹಿಂದ ಸರದು ನನ್ನ ದಾಟಿದ್ರು. ನಿಧಾನ ಇದ್ದಾಕಿನ್ನ ಗದ್ದ್ಯಾಗ ಕಾಡೂದು ಹಂಗನ. ಎಡಕ ಹಚ್ಚಿದ್ರು, ಬಲಕ ಹಚ್ಚಿದ್ರು, ನಕ್ಕೋತ ನನ್ನ ಬೆನ್ನ ಹಿಂದೂ ಹಚ್ಚಿ ಮುಗಿಸಿದ್ರು.

‘ಈಗ ಹೆಂಗ ಬರ್ತೀ ಬಾ ನೋಡಮು!’ ಅಂದಳು ಶರಣವ್ವ. ಅವ್ವಾನೂ ನಕ್ಕಳು.

ನನಗ ಮೈಯೆಲ್ಲಾ ಸಿಟ್ಟು. ಯಾರ ಮ್ಯಾಲ ಅಂತ ತಿಳೀಲಿಲ್ಲ. ಮುಂದ ನಾ ಹಚ್ಚಿದ್ದು, ಉಳಿದ ಮೂರೂ ಕಡಿ ಅವರು ಹಚ್ಚಿದ್ದು, ನಾಕೂ ದಿಕ್ಕಿಗೆ ಆಗಷ್ಟ ಹಚ್ಚಿದ ಸಸಿ, ಎತ್ತಲಾಗ ಹೆಜ್ಜಿ ಇಟ್ರೂ ತುಳೀತೀನಿ. ಮೊಣಕಾಲಮಟ ಕೆಸರಿನ್ಯಾಗ, ಒಂದು ಹಿಡಿ ಸಸಿ ಕೈಯಾಗ ಹಿಡಕೊಂಡು, ನಾ ಅಲ್ಲೇ ನಿಂತೆ.