ತಕ್ಕಡಿ ಏರಿದ ಮದುವೆ ಸೀರೆ

ನಮ್ಮ ಕಡೆ ಮದುವೆಯ ಬಟ್ಟೆ ಖರೀದಿಗೆ ಬಸ್ತಾ ಅನ್ನುತ್ತಾರೆ. ಹುಡುಗಿಯ ಸೀರೆ ಗಂಡಿನವರು ತರಬೇಕು, ಹುಡುಗನ ಬಟ್ಟೆ ಹೆಣ್ಣಿನವರು. ಎರಡೂ ಮನೆಯವರು ಒಂದೇ ಅಂಗಡಿಯಲ್ಲಿ ಎದುರುಬದುರು ಕೂತು ತಮ್ಮದಲ್ಲದ ಮೈಗೆ ಬಟ್ಟೆ ಆರಿಸುತ್ತಾರೆ. ಉಡುವವರಿಬ್ಬರೂ ಅಲ್ಲಿರುವುದಿಲ್ಲ. ಹುಡುಗಿ ಬಂದರೆ ಬಸ್ತಾ ಮುಗಿಯುವುದಿಲ್ಲ ಅಂತ ನಮ್ಮ ಮನೆಯ ಹಿರಿಯರ ಮಾತು. ಹುಡುಗಿ ಬಾರದೆಯೂ ಅದು ಹೊತ್ತಿಗೆ ಸರಿಯಾಗಿ ಮುಗಿದದ್ದನ್ನು ನಾನಂತೂ ಕಂಡಿಲ್ಲ.

ಹೋದ ಬೇಸಿಗೆಯಲ್ಲಿ ನನ್ನ ಭಾವನವರ ಮಗಳ ಬಸ್ತಾ. ನಮ್ಮದು ಮೊರಬ, ಬೀಗರದು ಶಲವಡಿ; ಇಬ್ಬರಿಗೂ ನಡುವೆ ಆಗುತ್ತದೆ ಅಂತ ನವಲಗುಂದದ ಜವಳಿ ಅಂಗಡಿ ಗೊತ್ತು ಮಾಡಿದ್ದರು. ಹೊರಡುವ ಮುಂಚೆ ಹುಡುಗಿ ನನ್ನನ್ನು ಹಿತ್ತಲಿಗೆ ಕರೆದು, "ಕಾಕು, ಬಣ್ಣ ಯಾವುದರೆ ಇರಲಿ. ಸೀರಿ ಹಗುರ ಇರಲಿ. ಇಷ್ಟ ನೋಡ್ಕೊ" ಅಂದಳು.

ಅದಕ್ಕೆ ಕಾರಣ ಮನೆಯವರಿಗಷ್ಟೇ ಗೊತ್ತಿತ್ತು. ಹಿಂದಿನ ವರ್ಷ ಸ್ಕೂಟಿಯಿಂದ ಬಿದ್ದು ಅವಳ ಎಡ ಹೆಗಲಿನ ಎಲುಬು ಮುರಿದು, ಒಳಗೆ ಉಕ್ಕಿನ ಪಟ್ಟಿ ಕೂಡಿಸಿದ್ದರು. ರೊಟ್ಟಿ ಬಡಿಯುತ್ತಾಳೆ, ಕೊಡ ಎತ್ತುತ್ತಾಳೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಆ ಹೆಗಲ ಮೇಲೆ ಬಹಳ ಹೊತ್ತು ಭಾರ ಬಿದ್ದರೆ ನೋವು ಬೆರಳಿನ ತುದಿಯವರೆಗೆ ಇಳಿಯುತ್ತದೆ. ಮದುವೆ ದಿನ ಬೆಳಗಿನಿಂದ ಜರಿಸೆರಗು ಕೂಡುವುದು ಅಲ್ಲಿಯೇ. ಬೀಗರ ಕಿವಿಗೆ ಬಿದ್ದರೆ ಸಂಬಂಧ ಮುರಿದೀತು ಅಂತ ಅವಳ ಅವ್ವ, ಅಂದರೆ ನನ್ನ ನೆಗೆಣ್ಣಿ, ನಮ್ಮೆಲ್ಲರ ಬಾಯಿಗೂ ಬೀಗ ಹಾಕಿದ್ದಳು. ಹೀಗಾಗಿ ನಾನು ಹಗುರ ಸೀರೆ ಆರಿಸಬೇಕಿತ್ತು, ಯಾಕೆ ಹಗುರ ಅಂತ ಹೇಳುವಂತಿರಲಿಲ್ಲ.

ಅಂಗಡಿಯವರು ಗಾದಿಯ ಮೇಲೆ ಸೀರೆ ಹರವಿ, ಹುಡುಗಿಯ ಎತ್ತರ, ಹುಡುಗಿಯ ಬಣ್ಣ ಇದ್ದವರು ಯಾರಾದರೂ ಎದ್ದು ನಿಲ್ಲಿರಿ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ನಲವತ್ತೇಳು, ಕೊರಳಲ್ಲಿ ದಾರಕ್ಕೆ ಜೋತುಬಿದ್ದ ಚಾಳೀಸು ಕನ್ನಡಕ ಬೇರೆ. ಅದನ್ನು ತೆಗೆಸಿ, ಉಟ್ಟ ಸೀರೆಯ ಮೇಲೆಯೇ ಇನ್ನೊಂದು ಸುತ್ತಿ ನಿಲ್ಲಿಸಿದರು. ಹುಡುಗನ ಅಳತೆಗೆ ಯಾರು ಅಂತ ಹುಡುಕಿದಾಗ, ನಮ್ಮನ್ನು ಕರೆದುಕೊಂಡು ಬಂದ ಕ್ರೂಸರಿನ ಡ್ರೈವರನ ಎದೆ ಸರಿಯಾಗಿ ಹೊಂದಿತು. ಅವನಿಗೆ ಶೇರ್ವಾನಿ ತೊಡಿಸಿ, ರುಮಾಲು ಸುತ್ತಿ, ಜೋಡಿ ಹ್ಯಾಂಗ ಕಾಣತೈತಿ ನೋಡೂಣು ಅಂತ ನನ್ನ ಬಾಜು ನಿಲ್ಲಿಸಿದರು. ಅವನ ಬಾಯಿ ತುಂಬ ಎಲೆ ಅಡಿಕೆ. ಕೇಳಿದ್ದಕ್ಕೆಲ್ಲ ಬಾಯಿ ತೆರೆಯದೆ ತಲೆಯಾಡಿಸುತ್ತಿದ್ದ. ವರ ಅಂದರೆ ಹೀಗಿರಬೇಕು ನೋಡ್ರಿ ಅಂತ ಬೀಗರ ಪೈಕಿ ಯಾರೋ ಮೆಚ್ಚಿಕೊಂಡರು.

ಅಷ್ಟರಲ್ಲಿ ಇನ್ನೊಂದು ಮದುವೆಯ ಬಸ್ತಾದವರು ಒಳಗೆ ಬಂದರು. ಅವರೊಳಗಿನ ಒಬ್ಬ ಅಜ್ಜಿ ನಮ್ಮಿಬ್ಬರನ್ನೂ ನಿಂತು ನೋಡಿ, ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದಳು. ಆಮೇಲೆ ನನ್ನ ನೆಗೆಣ್ಣಿಯ ಬದಿಗೆ ಕೂತು ಮೆತ್ತಗೆ, "ತಡಾ ಆದ್ರೂ ಛಲೋ ಆತು ಬಿಡ್ರಿ" ಅಂದಳು. ನೆಗೆಣ್ಣಿ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ಅದನ್ನು ಸಂತೋಷದ ಅಳು ಅಂದುಕೊಂಡು ಬೆನ್ನು ಸವರಿದಳು.

ನಾನು ಓದಿದ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಬೆನ್ನು ನೆಟ್ಟಗೆ ನಿಲ್ಲುವುದನ್ನು ಕಲಿಸಿದ್ದರು. ಅದು ಆ ದಿನ ತೊಡಕಾಯಿತು. ಎಂಥ ಭಾರದ ಸೀರೆ ಹೊದಿಸಿದರೂ ನನ್ನ ಮೇಲೆ ಗೋಡೆಗೆ ತೂಗುಹಾಕಿದಂತೆ ನಿಲ್ಲುತ್ತಿತ್ತು, ಎಲ್ಲರಿಗೂ ಒಪ್ಪುತ್ತಿತ್ತು. ಬೇಕೆಂದೇ ಹೆಗಲು ಇಳಿಬಿಟ್ಟು ನೋಡಿದೆ. ಸುಸ್ತಾಗಿದ್ದಾಳೆ ಅಂತ ನನಗೆ ಸೋಡಾ ತರಿಸಿದರು, ಸೀರೆ ಬದಲಿಸಲಿಲ್ಲ.

ಹುಡುಗನ ಅವ್ವ, ನಮ್ಮ ಬೀಗತಿ, ಕಡಿಮೆ ಮಾತಿನ ಹೆಣ್ಣುಮಗಳು. ಮಾತೆಲ್ಲ ಹುಡುಗನ ಸೋದರತ್ತೆಯದೇ. ಅವರ ಮನೆತನದ ರೂಢಿಯೊಂದನ್ನು ಆಕೆ ಆವಾಗ ಹೊರತೆಗೆದಳು. ಬರುವ ಪ್ರತಿಯೊಬ್ಬ ಸೊಸೆಯ ಮದುವೆ ಸೀರೆ ಹಿಂದಿನ ಸೊಸೆಯದಕ್ಕಿಂತ ತೂಕದಲ್ಲಿ ಒಂದು ಕಾಳಾದರೂ ಹೆಚ್ಚಿಗಿರಬೇಕಂತೆ, ಇಲ್ಲದಿದ್ದರೆ ಮನೆ ಇಳಿತಕ್ಕೆ ಬಂತು ಅಂತ ಊರು ಆಡಿಕೊಳ್ಳುತ್ತದಂತೆ. ಹಿರೇ ಸೊಸೆಯ ಸೀರೆಯ ತೂಕ ಆಕೆಗೆ ಬಾಯಿಪಾಠ. ಕೈಯಲ್ಲಿ ಹಿಡಿದು ಹೇಳಿದರೆ ನಂಬಿಕೆಯಿಲ್ಲ. ಬಾಜೂದ ಕಿರಾಣಿ ಅಂಗಡಿಯಿಂದ ಕರೆಂಟಿನ ತಕ್ಕಡಿ ತರಿಸಿದಳು. ಅದರ ತಟ್ಟೆಗೆ ಇನ್ನೂ ಬೆಲ್ಲ ಅಂಟಿತ್ತು. ಒರೆಸಿ, ಮೇಲೆ ಪೇಪರು ಹಾಸಿ, ಒಂದೊಂದೇ ಸೀರೆ ಏರಿಸಿದರು. ಅಂಗಡಿಯವರು ಬಣ್ಣ, ಬುಟ್ಟಾ, ಅಂಚು ಅಂತ ಹೇಳಲು ಬಾಯಿ ತೆರೆಯುವುದು, ಆಕೆ ಕೈಯೆತ್ತಿ ಅಂಕಿ ಓದುವುದು. ಆ ಕಡೆಯ ಅಜ್ಜಿಯೂ ಬಂದು, ನಮ್ಮದೂ ಒಂದೀಟು ತೂಗ್ರಿ ಅಂದಳು.

ಕೊನೆಗೆ ಉಳಿದದ್ದು ಎರಡು. ಒಂದು ಮೆಣಸಿನಕಾಯಿ ಕೆಂಪಿನದು, ಇಟ್ಟಾಗ ಗಾದಿಯೇ ತಗ್ಗಿತು. ಇನ್ನೊಂದು ದಾಳಿಂಬೆ ಬಣ್ಣದ ಮೆತ್ತನೆಯ ರೇಷ್ಮೆ. ಹೊದಿಸಿದಾಗ ಹೆಗಲ ಮೇಲೆ ಏನೂ ಇದ್ದಂತೆ ಅನಿಸಲಿಲ್ಲ. ನನಗೆ ಇದು ಅಂದೆ. ಸೋದರತ್ತೆ, ಉಡಾಕಿ ನೀವಲ್ರಿ ಅಂದಳು. ಅದೂ ಖರೆ.

ಆಮೇಲೆ ನನಗೆ ಹೊದಿಸಿ ನೋಡಿದ ಕೆಂಪು ಸೀರೆಯ ಪಿನ್ನು ಬಿಚ್ಚಲು ಬೀಗತಿ ತಾನೇ ಎದ್ದು ಬಂದಳು. ನನ್ನ ಬೆನ್ನ ಹಿಂದೆ ನಿಂತು, ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ಯಾವ ಹೆಗಲರಿ?"

"ಏನ್ರಿ?"

"ಹುಡುಗಿದು. ಪಟ್ಟಿ ಕೂಡಿಸಿದ್ದು ಯಾವ ಕಡೆ? ನನ್ನ ಮಗಾ ಬರೇ ಹೆಗಲು ಅಂದ. ಆಕಿನ ಹೇಳ್ಯಾಳಂತ ಅವಗ."

ನೆಗೆಣ್ಣಿಯ ಕಡೆ ನೋಡಿದೆ. ಅವಳು ಕಳಸ ಹಿಡಿಯುವ ಹುಡುಗಿಯರ ಲಂಗಗಳಲ್ಲಿ ಮುಳುಗಿದ್ದಳು.

"ಎಡಗಡೆರಿ" ಅಂದೆ.

"ಸೆರಗ ಬರೂದು ಅಲ್ಲೇ ಅಲ್ರಿ ಮತ್ತ" ಅಂದು ಬೀಗತಿ ಪಿನ್ನನ್ನು ತನ್ನ ಕುಪ್ಪಸಕ್ಕೆ ಚುಚ್ಚಿಕೊಂಡಳು. ಸೋದರತ್ತೆಯ ಕಡೆ ಕಣ್ಣು ಹಾಯಿಸಿ, "ನಮ್ಮ ಅಕ್ಕಾರಿಗೆ ಮಾತ್ರ ಗೊತ್ತಾಗಬಾರ್ದು" ಅಂದಳು.

ಹೀಗೆ ಎರಡೂ ಮನೆಯಲ್ಲಿ ಒಂದೇ ಗುಟ್ಟು ಬೇರೆ ಬೇರೆ ಮುಚ್ಚಿಟ್ಟದ್ದು ತಿಳಿಯಿತು.

ಬೀಗತಿ ದಾಳಿಂಬೆ ಸೀರೆ ಒಯ್ದು ತಕ್ಕಡಿಯ ಮೇಲಿಟ್ಟಳು. ಸೆರಗು ಕೆಳಗೆ ಜೋತುಬಿದ್ದಿತ್ತು. ಅದನ್ನು ಎತ್ತಿ ಮೇಲೆ ಮಡಚಿ, ಮಡಿಕೆ ಸರಿ ಮಾಡುವವಳ ಹಾಗೆ ಅಂಗೈ ಊರಿದಳು. ಅಂಕಿ ಏರಿತು. ಇನ್ನೊಂದಿಷ್ಟು ಸರಿ ಮಾಡಿದಳು, ಇನ್ನೊಂದಿಷ್ಟು ಏರಿತು. ಅಂಗಡಿಯವರು ಅದನ್ನು ಕಂಡರು. ಕಂಡು, ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ಕೂತರು. ಸೋದರತ್ತೆ ಬಗ್ಗಿ ಅಂಕಿ ಓದಿದಳು, ಕಣ್ಣು ಒರೆಸಿಕೊಂಡು ಮತ್ತೊಮ್ಮೆ ಓದಿದಳು.

"ಅಗದಿ ಹೆಚ್ಚ ಐತಲ್ಲ. ನೋಡಿದ್ರ ಹಂಗ ಕಾಣೂದಿಲ್ಲ ಬಿಡ್ರಿ."

"ರೇಷ್ಮಿ ಗಟ್ಟಿ ಐತ್ರಿ ಅಕ್ಕಾರ" ಅಂದಳು ಬೀಗತಿ, ಕೈ ತೆಗೆಯದೆ.

ಸೀರೆ ಗೊತ್ತಾಯಿತು. ನೆಗೆಣ್ಣಿಗೆ ನಡೆದದ್ದೇನೂ ತಿಳಿದಿರಲಿಲ್ಲ. ಮಗಳಿಗೆ ವಿಡಿಯೊ ಕಾಲ್ ಹಚ್ಚಿ, ಬೀಗರೆದುರಿಗೆ ಹೆಮ್ಮೆಯಿಂದ, ಅವರ ಮನ್ಯಾಗ ಎಲ್ಲಾರಕಿಂತ ಭಾರದ ಸೀರಿ ನಿಂದ ನೋಡವಾ, ತೂಗಿ ತಗೊಂಡೀವಿ ಅಂದುಬಿಟ್ಟಳು. ಪರದೆಯ ಮೇಲೆ ಹುಡುಗಿಯ ಮುಖ ಬಾಡಿತು. ಚಂದ ಐತಿ ಅಂದಳು, ಆದರೆ ಅವಳ ಕಣ್ಣುಗಳು ನನ್ನನ್ನು ಹುಡುಕುತ್ತಿದ್ದವು. ಸೋದರತ್ತೆ ನನ್ನ ಬಾಜೂಕೇ ಕೂತಿದ್ದಳು, ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ನಾನು ಮಡಚಿಟ್ಟ ಸೀರೆಯನ್ನು ಕಿರುಬೆರಳಿಗೆ ಜೋತುಹಾಕಿಕೊಂಡು, ಫೋನಿನ ಮುಂದೆ ಹಿಡಿದು, ಮೆಲ್ಲಗೆ ತೂಗಾಡಿಸಿದೆ. ಹುಡುಗಿ ಒಂದು ಗಳಿಗೆ ನೋಡಿದಳು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು.

ಸೋದರತ್ತೆ ನನ್ನ ಬೆರಳು ನೋಡಿದಳು, ತಕ್ಕಡಿ ನೋಡಿದಳು. ನನ್ನ ರಟ್ಟೆ ಹಿಡಿದು ಒಮ್ಮೆ ಅದುಮಿ, ನೆಗೆಣ್ಣಿಗೆ ಹೇಳಿದಳು:

"ನಿಮ್ಮ ಮನಿ ಹೆಣ್ಮಕ್ಕಳು ಭಾಳ ಗಟ್ಟಿ ಅದಾರ್ರಿ."