ಬಿರುಕಿನ ಮೇಲಿನ ಗಾಜು

ನಮ್ಮಪ್ಪ ಸರ್ಕಾರಿ ಇಂಜಿನಿಯರ್. ಕೆಲಸ ಮಾಡಿಸುವುದಕ್ಕಿಂತ ಕೆಲಸ ನಿಲ್ಲಿಸುವುದರಲ್ಲಿ ಹೆಸರು ಮಾಡಿದವರು. ಗೋಡೆ ಒಂದಿಷ್ಟು ವಾಲಿದರೂ ಸಾಕು, ಕಟ್ಟಿದ್ದನ್ನು ಒಡೆಸಿಯೇ ಮನೆಗೆ ಬರುತ್ತಿದ್ದರು. ಮನೆಯಲ್ಲೂ ಅದೇ ಕಥೆ. ಅಕ್ಕನ ಮದುವೆಗೆ ಯಾವ ಕೆಲಸ ಯಾವ ವಾರ ಮುಗಿಯಬೇಕೆಂದು ಗ್ರಾಫ್ ಹಾಳೆಯ ಮೇಲೆ ನೀಲಿ ಗೆರೆ ಎಳೆದು ನಡುಮನೆಯಲ್ಲಿ ಅಂಟಿಸಿದ್ದರು. ಮುಗಿದಷ್ಟಕ್ಕೆ ಕೆಂಪು ಪೆನ್ಸಿಲ್ ತೀಡುತ್ತಿದ್ದರು. ಹಪ್ಪಳದ ಗೆರೆ ಹಿಂದೆ ಬಿತ್ತೆಂದು ಅಮ್ಮ ಬೈಸಿಕೊಂಡಳು. ನೆಂಟರಿಷ್ಟರೆಲ್ಲ ಮರೆಯಲ್ಲಿ ನಗುತ್ತಿದ್ದರು. ನನಗೆ ಮಾತ್ರ ಅಪ್ಪನೆಂದರೆ ಎಲ್ಲಿಲ್ಲದ ಹೆಮ್ಮೆ.

ಎಂಬತ್ತರ ದಶಕದ ಶುರುವಿನಲ್ಲಿ, ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಬಸವನಗುಡಿಯ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಬಳೇಪೇಟೆಯ ವ್ಯಾಪಾರಿಯೊಬ್ಬರು ಮನೆ ಕಟ್ಟಲು ಹೊರಟರು. ಹಣೆಯ ತುಂಬ ವಿಭೂತಿ, ಮೆತ್ತಗಿನ ಮಾತು. ಗುದ್ದಲಿ ಪೂಜೆಗೆ ಕರೆಯಲು ಬಂದಿದ್ದ ಅವರ ಹೆಂಡತಿ ನಮ್ಮ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ ಹೋಗಿದ್ದರು. ಅಜ್ಜಿ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಅವರಿಗೆ ಉಳಿದಿದ್ದ ಪ್ರಪಂಚವೆಂದರೆ ಆ ಸೈಟಿನ ಕಡೆಗಿದ್ದ ಒಂದು ಕಿಟಕಿ. ಈಗ ಅದರೆದುರು ಎರಡು ಅಂತಸ್ತು ಏಳುತ್ತದೆ ಎಂದು ತಿಳಿದ ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಪಕ್ಕದವರ ಪ್ಲಾನು ಕಾನೂನಿನ ಪ್ರಕಾರವೇ ಇತ್ತು. ತಕರಾರು ತೆಗೆಯಲು ದಾರಿಯೇ ಇಲ್ಲವೆಂಬುದು ಅಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮದು ಹಳೇ ಕಾಲದ ಮಣ್ಣುಗಾರೆಯ ಗೋಡೆ. ಅಜ್ಜಿಯ ಕೋಣೆಯ ಹೊರಗಡೆ ಒಂದು ಬಿರುಕಿತ್ತು. ಪಕ್ಕದಲ್ಲಿ ಪಾಯ ತೋಡುವಾಗ ಅದು ದೊಡ್ಡದಾದೀತು, ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಎಂದು ಅಪ್ಪ ಪಕ್ಕದವರಿಗೆ ಹೇಳಿದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ; ಒಡೆದರೆ ಅಗೆಯುವುದು ನಿಲ್ಲಬೇಕು. ಅಲ್ಲಿನ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಒಂದು ಕಾಲಕ್ಕೆ ಅಪ್ಪನ ಕೈಕೆಳಗೆ ಕೆಲಸ ಕಲಿತವರು. ಮರುಮಾತಾಡದೆ ಬಿರುಕಿನುದ್ದಕ್ಕೂ ಮೇಲೆ, ನಡುವೆ, ಕೆಳಗೆ ಗಾಜು ಹಾಕಿಸಿದರು. ಬೆಳಿಗ್ಗೆ ಸಂಜೆ ನೋಡಿ ಹೇಳುವ ಕೆಲಸ ನನ್ನದಾಯಿತು. ಗಾಜಿದ್ದದ್ದು ನಮ್ಮ ಕಾಂಪೌಂಡಿನೊಳಗಿನ ಸಂದಿಯಲ್ಲಿ. ಅಲ್ಲಿಗೆ ಹೋಗಿಬರುವ ನನ್ನ ಗತ್ತು ನೋಡಬೇಕಿತ್ತು, ಇಲಾಖೆಯೇ ನನ್ನ ಹೆಗಲ ಮೇಲಿರುವಂತೆ.

ಒಂದು ಬೆಳಿಗ್ಗೆ ನಡುವಿನ ಗಾಜು ಒಡೆದಿತ್ತು. ಅಪ್ಪನಿಗೂ ಹೇಳದೆ ಓಡಿಹೋಗಿ ಕೂಲಿಯವರ ಗುದ್ದಲಿ ನಿಲ್ಲಿಸಿದೆ. ಕೆಲಸ ನೋಡಲು ಬಂದಿದ್ದ ವ್ಯಾಪಾರಿಯ ಹೆಂಡತಿಯ ಮೇಲೆ ನಾಲಿಗೆ ಹರಿಬಿಟ್ಟೆ. ನಿಮಗೆ ಮನೆ ಹೆಚ್ಚೋ ನಮ್ಮಜ್ಜಿಯ ಜೀವ ಹೆಚ್ಚೋ ಎಂದು ಅಷ್ಟು ಜನರೆದುರು ಕೇಳಿದೆ. ಅಮ್ಮನ ವಯಸ್ಸಿನ ಆಕೆ ಸೆರಗನ್ನು ಬಿಗಿಯಾಗಿ ಹೊದ್ದು, ತಪ್ಪಾಯಿತು ಎಂದು ಮತ್ತೆ ಮತ್ತೆ ಹೇಳಿದರು. ನನಗೆ ಅದರಿಂದ ಖುಷಿಯೇ ಆಯಿತು.

ಇಂಜಿನಿಯರ್ ಬಂದು, ಅಪ್ಪನ ಜೊತೆ ಸಂದಿಗೆ ಹೋಗಿ ಬಗ್ಗಿ ನೋಡಿದರು. ಮೇಲಿನ ಗಾಜೂ ಕೆಳಗಿನ ಗಾಜೂ ಹಾಗೇ ಇದ್ದವು. ನಡುವಿನ ಗಾಜಿನ ಒಂದು ಮೂಲೆ ಪುಡಿಯಾಗಿ, ಸೀಳುಗಳೆಲ್ಲ ಅಲ್ಲಿಂದ ಹರಡಿದ್ದವು. ಬಿರುಕು ಹಾದುಹೋಗುವ ಕಡೆ ಒಂದು ಗೆರೆಯೂ ಬಿದ್ದಿರಲಿಲ್ಲ. ಅವರು ಎದ್ದು ನಿಂತು, ಅಪ್ಪನಿಗೆ ಮಾತ್ರ ಕೇಳಿಸುವಂತೆ ಮಾತಾಡಿದರು. ಹಿಂದೆಯೇ ನಿಂತಿದ್ದ ನನಗೂ ಕೇಳಿಸಿತು.

“ಗೋಡೆ ಸರಿದ್ರೆ ಗಾಜು ಬಿರುಕಿನ ಮೇಲೇ ಸೀಳುತ್ತೆ ಅಂತ ನೀವೇ ಹೇಳ್ಕೊಟ್ಟಿದ್ದು, ಸರ್.”

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಬೀದಿಯ ಹುಡುಗರು ಯಾರೋ ಕಲ್ಲು ಹೊಡೆದಿರಬೇಕು ಎನ್ನಲು ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. ಆಗ ಗೊತ್ತಾಯಿತು, ಆ ಸಂದಿಗೆ ಹೋಗಿದ್ದು ನಾನೊಬ್ಬಳೇ ಅಲ್ಲವೆಂದು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಇಂಜಿನಿಯರ್ ಅಪ್ಪನ ಮಾನ ಉಳಿಸಿದರು. ಹೊರಗೆ ಹೋಗಿ, ಸದ್ಯಕ್ಕೆ ಅಗೆಯುವುದು ಬೇಡ, ಹೊಸ ಗಾಜು ಹಾಕಿ ನೋಡೋಣ ಎಂದಷ್ಟೇ ಹೇಳಿದರು. ಅವರು ಹಾಗೆ ಉಳಿಸದಿದ್ದರೇ ಚೆನ್ನಾಗಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಏಕೆಂದರೆ ಅವತ್ತು ಸಂಜೆ ವ್ಯಾಪಾರಿ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಗಾಜು ಹಾಕಿಸದೇ ಇದ್ದಿದ್ದರೆ ತಮ್ಮಿಂದ ಒಂದು ಜೀವ ಹೋಗುತ್ತಿತ್ತು ಎಂದು ಅಪ್ಪನಿಗೆ ಕೈಮುಗಿದರು. ತೋಡಿದ ಪಾಯ ಮುಚ್ಚಿಸಿ ಗೋಡೆಯನ್ನು ನಮ್ಮ ಕಡೆಗೇ ಸರಿಸಿಕೊಳ್ಳುತ್ತೇವೆ, ಮಗ ಸೊಸೆಯ ಕೋಣೆ ಚಿಕ್ಕದಾದರೆ ಆಗಲಿ ಎಂದರು. ಆಕೆ ನನ್ನ ಗಲ್ಲ ಮುಟ್ಟಿದರು.

“ನೀನು ಬೈದಿದ್ದೇ ಒಳ್ಳೇದಾಯ್ತು ಕಣಮ್ಮ. ಇಲ್ದಿದ್ರೆ ನಮ್ಗೇನು ಗೊತ್ತಾಗ್ತಿತ್ತು?”

ನಾನು ತಲೆ ಎತ್ತಲಾರದೆ ನಿಂತಿದ್ದೆ. ಸರಿಸುವುದು ಬೇಡ ಎಂದು ಅಪ್ಪ ಈಗ ಹೇಳುತ್ತಾರೆ, ಇನ್ನೇನು ಅಂದೇಬಿಡುತ್ತಾರೆ ಎಂದು ಕಾದೆ. ಒಳಗಿನಿಂದ ಅಜ್ಜಿ, ಯಾರು ಬಂದಿದ್ದಾರೆ ಎಂದು ಕೇಳಿದರು. ಎಷ್ಟು ಜಾಗ ಬಿಡಬೇಕು, ತಿಳಿದವರು ನೀವೇ ಹೇಳಿ ಎಂದು ವ್ಯಾಪಾರಿ ಕೇಳಿದರು.

ಅಪ್ಪ ಗಂಟಲು ಸರಿಮಾಡಿಕೊಂಡರು.

“ಮೂರಡಿ ಬಿಟ್ರೆ ಸಾಕು” ಎಂದರು.